ಹನ್ನೊಂದನೇ ಮೊಟ್ಟೆ

ಮುಚ್ಚಳದ ಗಾಜಿನ ಒಳಮೈಯೆಲ್ಲ ಬೆವರು, ಒಂದು ಹನಿ ಜಾರಿ ಇನ್ನೊಂದನ್ನು ನುಂಗಿ ದಪ್ಪವಾಗಿ ಅಂಚಿಗೆ ಬಂದು ನಿಂತಿದೆ, ಥೂ, ಜ್ವರ ಬಿಟ್ಟವರ ಮೇಲ್ದುಟಿಯ ಹಾಗೆ, ಇದರೊಳಗೆ ಮೂಗು ಇಡಬೇಕಂತೆ ಅವಳು, ಅದೂ ಕೆಲಸಕ್ಕೆ ಹೊರಡುವ ಹೊತ್ತಿಗೆ — ಬಾರೇ, ಒಂದ್ಸಲ ಮೂಸಿ ಹೇಳು ಸಾಕು, ನಿನಗಲ್ದೆ ಇನ್ಯಾರಿಗೆ ಗೊತ್ತಾಗುತ್ತೆ ಎಂದು ಗಂಡ ಪೆಟ್ಟಿಗೆಯ ಮುಂದೆ ಕುರ್ಚಿಯಲ್ಲಿ ಕೂತು ಆಗಿನಿಂದ ಗೋಗರೆಯುತ್ತಿದ್ದಾನೆ, ಪೆಟ್ಟಿಗೆಯೆಂದರೆ ಏನು ಮಹಾ, ಮೀನು ತುಂಬಿ ಬಂದಿದ್ದ ಥರ್ಮೊಕೋಲ್ ಡಬ್ಬ, ಅದಕ್ಕೊಂದು ಬಲ್ಬು, ಹಳೇ ಕಂಪ್ಯೂಟರಿನಿಂದ ಕಿತ್ತ ಫ್ಯಾನು, ತಟ್ಟೆಯಲ್ಲಿ ನೆನೆಸಿಟ್ಟ ಸ್ಪಂಜು, ಕಾವು ಮೂವತ್ತೇಳೂವರೆ ಡಿಗ್ರಿ ದಾಟದ ಹಾಗೆ ಕಾಯುವ ಒಂದು ಮೀಟರು, ರೇಡಿಯೊ ರಿಪೇರಿಯವನ ಬಳಿ ರೇಡಿಯೊ ತರುವವರೇ ಇಲ್ಲವಾದ ಮೇಲೆ ಕೈ ಸುಮ್ಮನಿರಬೇಕಲ್ಲ, ಕೈ ಸುಮ್ಮನಿರದೆ ಊಟದ ಮೇಜಿನ ಮೇಲೆ ಈ ಹಡೆಯುವ ಡಬ್ಬ ಬಂದು ಕೂತಿತು. ಮೊದಲ ಸಲ ಫ್ಯಾನು ನಿಂತು ಇಪ್ಪತ್ತು ಮೊಟ್ಟೆಯೂ ಕೂತಲ್ಲೇ ಬೆಂದವು, ಎರಡನೇ ಸಲ ಸ್ಪಂಜು ಒಣಗಿ ಮರಿಗಳು ಚಿಪ್ಪಿನ ಒಳಪೊರೆಗೆ ಅಂಟಿಕೊಂಡೇ ಸತ್ತವು, ಅತ್ತೆ ಆಗ ಹೇಳಿದ್ದರು, ಕೋಳಿ ಮಾಡೋ ಕೆಲಸ ಕೋಳಿಗೆ ಬಿಡೋ, ನಿನಗ್ಯಾಕೋ ಬಾಣಂತನ, ಅವರು ನಕ್ಕರು, ಮಗ ನಗಲಿಲ್ಲ, ಮೂರು ದಿನ ಯಾರೊಂದಿಗೂ ಮಾತಾಡದೆ ನಾಲ್ಕನೇ ದಿನ, ಇದೇ ಕೊನೆ, ಇದೂ ಹೋದ್ರೆ ಡಬ್ಬ ಮುರಿದು ಹಾಕ್ತೀನಿ ಎಂದ, ಡಬ್ಬ ಮುರಿದ ಮೇಲೆ ಮುರಿಯುವುದಕ್ಕೆ ಅವನೊಬ್ಬನೇ ಉಳಿಯುತ್ತಾನೆ ಎಂಬುದು ಅವಳಿಗೆ ಗೊತ್ತು. ಇವತ್ತಿಗೆ ಹತ್ತೊಂಬತ್ತನೇ ದಿನ, ಇಪ್ಪತ್ತೊಂದಕ್ಕೆ ಮರಿ, ಇಪ್ಪತ್ನಾಲ್ಕು ಮೊಟ್ಟೆಯಲ್ಲಿ ಬರಡಾದ ಏಳನ್ನು ಟಾರ್ಚಿನ ಬೆಳಕಲ್ಲಿ ನೋಡಿ ತೆಗೆದು ಉಳಿದದ್ದು ಹದಿನೇಳು, ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಅವನ ಗುಂಡು ಗುಂಡಾದ ನಂಬರು, ಬೆಳಿಗ್ಗೆ ಅತ್ತೆ ಎದ್ದವರೇ ಟವೆಲ್ಲು ಮೂಗಿಗೆ ಒತ್ತಿಕೊಂಡು, ಏನೋ ಕೊಳೆತಿದೆ ಕಣೋ ನಿನ್ನ ಡಬ್ಬದಲ್ಲಿ ಎಂದರು. ಕೊಳೆತದ್ದು ಒಂದೇ ಇರಬಹುದು, ಆದರೆ ಅದು ಕಾವಿಗೆ ಉಬ್ಬಿ ಪಟ್ಟೆಂದು ಒಡೆದರೆ ಅದರ ಕೀವು ಮಿಕ್ಕ ಹದಿನಾರಕ್ಕೂ ಸಿಡಿದು ಎಲ್ಲವೂ ಮಣ್ಣುಪಾಲು, ಟಾರ್ಚು ಹಿಡಿದು ನೋಡೋಣವೆಂದರೆ ಈಗ ಸತ್ತದ್ದೂ ಕಪ್ಪು, ಬೆಳೆದದ್ದೂ ಕಪ್ಪು, ಇನ್ನು ಮೂಗೊಂದೇ ಗತಿ, ಗಂಡನಿಗೆ ನೆಗಡಿ, ಅತ್ತೆ ಮೊಟ್ಟೆ ಮುಟ್ಟುವವರಲ್ಲ, ಹಾಗಾಗಿ ಅವಳ ಮೂಗು.

ಅವಳ ಮೂಗು, ಆಹಾ, ಇಪ್ಪತ್ತೆರಡು ವರ್ಷ ಹಾಲಿನ ಡೇರಿಯ ಬಾಗಿಲಲ್ಲಿ ನಿಂತು ಮೂಸಿದ ಮೂಗು, ಬೆಳಗಿನ ಹೊತ್ತು ಮುನ್ನೂರು ಕ್ಯಾನು, ಒಬ್ಬ ಮುಚ್ಚಳ ತೆಗೆಯುತ್ತಾ ಹೋಗುತ್ತಾನೆ, ಅವಳು ಬಗ್ಗುತ್ತಾಳೆ, ಒಂದು ಉಸಿರು, ಸರಿ, ಮುಂದೆ, ಸರಿ, ಮುಂದೆ, ಇದು ವಾಪಸ್, ಹಸು ಏನು ಮೇದಿದೆ, ಕ್ಯಾನು ತೊಳೆದ ನೀರು ಯಾವುದು, ಇನ್ನೊಂದು ಗಂಟೆಯಲ್ಲಿ ಹುಳಿಯುವುದು ಯಾವುದು, ಎಲ್ಲ ಆ ಒಂದು ಉಸಿರಿಗೆ ಗೊತ್ತಾಗುತ್ತಿತ್ತು, ಲ್ಯಾಬಿನ ಮಷೀನು ಅರ್ಧ ಗಂಟೆ ತಗೊಳ್ಳುತ್ತೆ, ನಮ್ಮಕ್ಕಂಗೆ ಅರ್ಧ ನಿಮಿಷ ಸಾಕು ಎಂದು ಸೂಪರ್‌ವೈಸರ್ ಹೊಸಬರು ಬಂದಾಗಲೆಲ್ಲ ಅವಳನ್ನು ತೋರಿಸಿ ಹೇಳುತ್ತಾನೆ, ಅವಳು ಬೇಡ ಬೇಡ ಎನ್ನುತ್ತ ಒಳಗೇ ಉಬ್ಬುತ್ತಾಳೆ — ಉಬ್ಬುತ್ತಿದ್ದಳು. ಎರಡು ತಿಂಗಳ ಹಿಂದೆ ಒಂದು ಜ್ವರ, ವಾರ ಪೂರ್ತಿ ಯಾವ ವಾಸನೆಯೂ ಇಲ್ಲ, ಹೋದರೆ ಹೋಗಲಿ ತಾನಾಗಿ ಬರುತ್ತದೆ ಎಂದುಕೊಂಡಿದ್ದಳು, ಬಂತು, ಯಾಕಾದರೂ ಬಂತೋ, ಚಹಾಕ್ಕೆ ಸುಟ್ಟ ಕೂದಲಿನ ನಾತ, ಈರುಳ್ಳಿ ಹೆಚ್ಚಿದರೆ ಚರಂಡಿ, ಸೋಪು ಕೊಳೆತದ್ದು, ಬ್ರೆಡ್ಡು ಕೊಳೆತದ್ದು, ಹಾಲಂತೂ ಮುನ್ನೂರು ಕ್ಯಾನೂ ಸತ್ತ ಇಲಿ, ತನ್ನ ಅಂಗೈಯನ್ನೇ ಮೂಸಿಕೊಂಡು ವಾಂತಿ ಮಾಡಿದ್ದಾಳೆ, ಲೋಕವೆಲ್ಲ ಒಂದೇ ನಾತವಾದರೆ ನಾತ ಯಾವುದೆಂದು ಯಾರು ಹೇಳಬೇಕು, ಹೇಳಿದರೆ ನಾಳೆಯಿಂದ ಹಿಂದುಗಡೆ ಕ್ಯಾನು ತೊಳೆಯುವ ಕಡೆಗೆ, ಕಾಸ್ಟಿಕ್ ನೀರು, ರಬ್ಬರ್ ಬೂಟು, ಪಾಪ ಮೊದಲು ಎಂಥ ಮೂಗು ಅಕ್ಕಂದು ಎನ್ನುವ ಮಾತು, ಆ ಪಾಪ ಎನ್ನುವುದನ್ನು ಕೇಳಿಸಿಕೊಳ್ಳುವುದಕ್ಕಿಂತ ಇಲಿಯನ್ನು ಮೂಸುವುದೇ ವಾಸಿ. ಅದಕ್ಕೇ ಅವಳು ಈಗ ಕ್ಯಾನಿನ ಮೇಲೆ ಬಗ್ಗಿ ಉಸಿರು ಬಿಗಿಹಿಡಿದು ಮುಚ್ಚಳದವನ ಮುಖ ನೋಡುತ್ತಾಳೆ, ಅವನ ಮೂಗಿನ ಹೊಳ್ಳೆ ಒಂಚೂರು ಅರಳಿದರೆ ವಾಪಸ್, ಇಲ್ಲದಿದ್ದರೆ ಸರಿ, ಹೋದ ವಾರ ಅವನಿಗೂ ನೆಗಡಿಯಾಗಿತ್ತು, ಒಂದು ಟ್ಯಾಂಕು ಹಾಲು ಪೂರ್ತಿ ಒಡೆಯಿತು, ಸೂಪರ್‌ವೈಸರ್ ತಂಪು ಮಾಡುವ ಯಂತ್ರದವನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದ, ಅಕ್ಕನ ಮೂಗು ದಾಟಿ ಬಂದ ಹಾಲು ಕಣಯ್ಯ ಅದು, ಕೆಟ್ಟಿದ್ದು ನಿನ್ನ ಹತ್ರಾನೇ ಎಂದ, ಅವಳು ಅಲ್ಲೇ ನಿಂತಿದ್ದಳು, ಬಾಯಲ್ಲಿ ಕಡುಬು ತುರುಕಿದವಳ ಹಾಗೆ ನಿಂತಿದ್ದಳು, ಥೂ ನಿನ್ನ ಜನ್ಮಕ್ಕೆ. ಮನೆಯಲ್ಲೂ ಹೇಳಿಲ್ಲ, ಗಂಡ ಹತ್ತಿರ ಮಲಗಿದರೆ ಅವನ ಕತ್ತಿನಿಂದ, ಇಪ್ಪತ್ತು ವರ್ಷ ಮುಖವಿಟ್ಟು ಮಲಗಿದ ಆ ಕತ್ತಿನಿಂದ, ಹೆಣದ ನಾತ ಬರುತ್ತದೆ, ಗೋಡೆಯ ಕಡೆ ತಿರುಗಿಬಿಡುತ್ತಾಳೆ, ಸ್ನಾನ ಮಾಡಿದ್ದೀನಿ ಕಣೇ ಎಂದ ಒಂದು ದಿನ, ಮೆತ್ತಗೆ, ತಪ್ಪು ಮಾಡಿದವನ ದನಿಯಲ್ಲಿ, ಆಮೇಲೆ ದಿನಕ್ಕೆ ಎರಡು ಸಲ ಸ್ನಾನ ಮಾಡಲು ಶುರುಮಾಡಿದ, ಆಮೇಲೆ ಪೆಟ್ಟಿಗೆಯ ಪಕ್ಕವೇ ಚಾಪೆ ಹಾಸಿಕೊಂಡ, ಮೊಟ್ಟೆ ತಿರುಗಿಸೋದಿರುತ್ತೆ ಎಂದು ನೆಪ ಹೇಳಿದ, ಹೇಳಬಹುದಿತ್ತು ಅವಳು, ನಿಮ್ಮದಲ್ಲ ರೀ ನನ್ನದು ಎಂದು ನಾಲ್ಕು ಮಾತು ಹೇಳಬಹುದಿತ್ತು, ಹೇಳಲಿಲ್ಲ, ಅವನು ತನಗೆ ತಾನೇ ಹೇಸಿಕೊಳ್ಳಲಿ ಎಂದು ಬಿಟ್ಟಳು.

ಬೇಗ ಬೇಗ, ಒಳಗಿನ ತೇವ ಹೋಗುತ್ತೆ ಎಂದು ಅವನು ಮುಚ್ಚಳ ಎತ್ತಿಯೇಬಿಟ್ಟ, ಬಿಸಿ ಹಬೆ ಮುಖಕ್ಕೆ ರಾಚಿತು, ಕೊಳೆತ ನಾತ, ಹೌದು, ಆದರೆ ಅವನ ಕೈಯಲ್ಲೂ ಅದೇ ನಾತ, ಮೇಜಿನಲ್ಲೂ ಅದೇ, ಪಕ್ಕದಲ್ಲಿದ್ದ ಚಹಾದ ಲೋಟದಲ್ಲೂ ಅದೇ, ಅವನು ಒಂದನೇ ನಂಬರು ಎತ್ತಿ ಅವಳ ಅಂಗೈಯಲ್ಲಿಟ್ಟ, ಎರಡೂ ಕೈಯಲ್ಲಿ, ಹಸುಗೂಸು ಎತ್ತಿಕೊಡುವ ಹಾಗೆ, ಬೆಚ್ಚಗಿತ್ತು, ಆ ಬಿಸುಪೇ ಅಸಹ್ಯ, ಬೇರೆಯವರು ಆಗಷ್ಟೇ ಎದ್ದುಹೋದ ಕುರ್ಚಿಯ ಮೇಲೆ ಕೂತಂತೆ, ಮೂಗಿನ ಹತ್ತಿರ ತಂದಳು, ಉಸಿರು ಬಿಗಿಹಿಡಿದು ಎಳೆದಂತೆ ನಟಿಸಿದಳು, ಇದಲ್ಲ, ಎರಡು, ಇದಲ್ಲ, ನಾಲ್ಕು, ಇದೂ ಅಲ್ಲ, ಗಂಡನ ಮುಖ ನೋಡಿದಳು, ಅವನ ಮೂಗು ಕಟ್ಟಿ ಬಾಯಿ ತೆರೆದುಕೊಂಡಿದೆ, ಅವನ ಮುಖದಲ್ಲಿ ಓದುವುದಕ್ಕೆ ಅವಳ ಮೇಲಿನ ನಂಬಿಕೆಯೊಂದು ಬಿಟ್ಟು ಏನೂ ಇಲ್ಲ, ಅದನ್ನು ನೋಡಲಾಗಲಿಲ್ಲ. ಬಾಗಿಲಲ್ಲಿ ನಿಂತ ಅತ್ತೆಯ ಕಡೆಗೆ ಒಂದನ್ನು ಮೆಲ್ಲಗೆ ಚಾಚಿ ನೋಡಿದಳು, ಅಯ್ಯೋ ನನ್ನ ಮುಖಕ್ಕೆ ಯಾಕೆ ಹಿಡೀತೀಯಾ, ನಾಯಿಗಿಂತ ಚೆನ್ನಾಗಿ ಮೂಸ್ತೀಯ, ಮೂಸು ಎಂದು ಅವರು ಟವೆಲ್ಲು ಬಿಗಿ ಮಾಡಿಕೊಂಡರು, ಈಗಲಾದರೂ ಹೇಳು, ಹೇಳೇ ಮಾರಾಯ್ತಿ, ನೆಗಡಿಯಾಯಿತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ, ಇವರೇನು ಕೊಂದುಹಾಕುತ್ತಾರಾ, ಐದು, ಏಳು, ಎಂಟು, ಇನ್ನೇನು ಬಾಯಿ ಬಿಡಬೇಕು, ಹನ್ನೊಂದನೇದು ಕೈಗೆ ಬಂತು. ಅಂಗೈಯಲ್ಲಿ ಏನೋ ಕುಲುಕಿತು, ಒಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿತು, ಸಿಕ್ಕಿತು, ಕೆಟ್ಟ ಮೊಟ್ಟೆ ಒಳಗೆ ನೀರಾಗಿ ಕುಲುಕುತ್ತದೆ, ಅಂಗಡಿಯಲ್ಲಿ ಮೊಟ್ಟೆ ತರುವಾಗ ಕಿವಿಯ ಹತ್ತಿರ ಅಲ್ಲಾಡಿಸಿ ನೋಡು ಎಂದು ಅಮ್ಮ ಹೇಳಿಕೊಟ್ಟಿದ್ದಳಲ್ಲ, ಮೂಗು ಕೈಕೊಟ್ಟರೂ ಕೈ ಕೈಬಿಡಲಿಲ್ಲ, ಎಷ್ಟು ಖುಷಿಯಾಯಿತು ಅವಳಿಗೆ, ಎರಡು ತಿಂಗಳಲ್ಲಿ ಮೊದಲ ಸಲ ಸುಳ್ಳು ಹೇಳದೆ ಹೇಳಿದಳು, ಇದೇ, ಇದೇ ಕಣ್ರೀ, ಅವನು ಗಾಳಿ ಹೋದ ಚೆಂಡಿನ ಹಾಗೆ ಉಸಿರು ಬಿಟ್ಟು, ಗೊತ್ತಿತ್ತು ನನಗೆ, ನೀನಿದ್ರೆ ಆಯ್ತು ಎಂದು ಮುಚ್ಚಳ ಹಾಕಿದ, ಇನ್ನು ಎರಡು ದಿನ ಕಣೇ, ಹಳದಿಯೆಲ್ಲ ಹೊಟ್ಟೆಯೊಳಗೆ ಎಳಕೊಳ್ಳೋದೊಂದು ಬಾಕಿ ಅವುಕ್ಕೆ, ಅದನ್ನ ಒಡೀಬೇಡ, ಹಿತ್ತಿಲಲ್ಲಿ ಹಾಗೇ ಹೂತುಬಿಡು ಎಂದ.

ಹಿತ್ತಿಲೆಂದರೆ ಒಗೆಯುವ ಕಲ್ಲಿನ ಆಚೆ ನಾಲ್ಕು ಅಡಿ ಮಣ್ಣು, ಹಳೇ ಗಾರೆ ಕರಣೆಯಲ್ಲಿ ಗುಂಡಿ ತೋಡಿದಳು, ಮೊಟ್ಟೆಯನ್ನು ಎಡಗೈಯ ಎರಡೇ ಬೆರಳಲ್ಲಿ ದೂರ ಹಿಡಿದಿದ್ದಳು, ಅದು ಮತ್ತೆ ವಾಲಿತು, ಛೀ, ಇಡಬೇಕೆಂದು ಬಗ್ಗಿದವಳು ಇಡಲಾಗದೆ ಎಸೆದೇಬಿಟ್ಟಳು, ಗುಂಡಿಯ ಅಂಚಿನ ಕಲ್ಲಿಗೆ ತಾಗಿ ಚಿಪ್ಪು ಕಳಚಿತು, ಕಣ್ಣು ಮುಚ್ಚಿ ನಾತಕ್ಕೆ ಕಾದಳು, ಹೊಸ ನಾತವೇನೂ ಬರಲಿಲ್ಲ, ಬಂದರೂ ಅವಳಿಗೆ ತಿಳಿಯಬೇಕಲ್ಲ, ಕಣ್ಣು ತೆರೆದಳು, ಹಸಿರು ನೀರಿಲ್ಲ, ಕಪ್ಪು ರಸವಿಲ್ಲ, ಒದ್ದೆ ಪುಕ್ಕದ ಒಂದು ಮುದ್ದೆ, ತೆಳ್ಳನೆ ನೆತ್ತರ ನರಗಳು, ಹೊಟ್ಟೆಯ ಹೊರಗೆ ಇನ್ನೂ ಒಳಹೋಗದ ಹಳದಿ ಚೀಲ, ರೆಕ್ಕೆಯ ಕೆಳಗೆ ತುರುಕಿದ್ದ ತಲೆ ಜಾರಿ ಈಚೆ ಬಂತು, ಕೊಕ್ಕು ತೆರೆಯಿತು. ಮುಚ್ಚಿತು. ಕೊಳೆತದ್ದು ಕುಲುಕುತ್ತದೆ, ಬದುಕಿದ್ದು ಅಲುಗುತ್ತದೆ, ಎರಡು ಹೆತ್ತವಳಿಗೆ ಇದು ತಿಳಿಯಲಿಲ್ಲವೇನೇ, ಒಳಗಿಂದ ಒದ್ದರೆ ಹೇಗಿರುತ್ತದೆಂದು ನಿನ್ನ ಹೊಟ್ಟೆಗೆ ಗೊತ್ತಿರಲಿಲ್ಲವೇ, ಕೊಕ್ಕು ತೆರೆಯುತ್ತದೆ, ತುದಿಯಲ್ಲಿ ಬಿಳಿಯ ಚುಕ್ಕೆ, ಚಿಪ್ಪು ಒಡೆದುಕೊಳ್ಳಲು ಬೆಳೆದ ಹಲ್ಲು ಅದು, ಅದಕ್ಕೀಗ ಒಡೆಯಲು ಏನೂ ಉಳಿದಿಲ್ಲ, ಎತ್ತಿ ಪೆಟ್ಟಿಗೆಗೆ ಇಡಲೇ, ನರ ಹರಿದಿದೆ, ಮಣ್ಣಾಗಿದೆ, ಇದು ಬದುಕುವುದಿಲ್ಲ, ಬೇಗ ಸಾಯುವುದೂ ಇಲ್ಲ, ಅವಳಿಗೆ ಹೇಸಿಗೆಯಾಗುತ್ತಿರುವುದು ಈ ಮುದ್ದೆಯಿಂದಲ್ಲ, ಇದು ಎಷ್ಟು ಶುದ್ಧವಾಗಿದೆ, ಹೇಸಿಗೆ ಅವಳ ಎರಡು ಬೆರಳು, ದೂರ ಹಿಡಿದ ಬೆರಳು, ಸರಿ ಮುಂದೆ ವಾಪಸ್ ಎಂದು ಊರ ಹಾಲಿಗೆಲ್ಲ ತೀರ್ಪು ಕೊಡುವ ಬೆರಳು. ಕಾಲಲ್ಲಿ ಒಂದು ಹಿಡಿ ಮಣ್ಣು ತಳ್ಳಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ಯಂತ್ರದವನು ಬೈಸಿಕೊಂಡದ್ದು ಅವಳ ತಪ್ಪಿಗೆ ಎಂದು ಯಾರಿಗೆ ತಿಳಿಯಿತು, ಪಾದ ಮಣ್ಣಿನ ಗುಡ್ಡೆಯ ಮೇಲೇ ಇದೆ, ಬೆರಳಿನ ಸಂದಿಗೆ ಮಣ್ಣು ತಣ್ಣಗೆ ಹತ್ತಿದೆ, ಒಳಗಿಂದ ಗಂಡ ಕೂಗುತ್ತಾನೆ, ಅಮ್ಮ ಇನ್ನೂ ನಾರ್ತಿದೆ ಅಂತಾಳೆ ಕಣೇ, ಇನ್ನೊಂದೂ ಇರ್ಬೇಕು, ಬಾ ಇನ್ನೊಂದ್ಸಲ ಮೂಸು — ಅನುಮಾನವಿಲ್ಲ ಆ ದನಿಯಲ್ಲಿ, ಅವಳು ತಪ್ಪಿದ್ದಾಳೆ ಎಂದಲ್ಲ, ಇನ್ನೊಂದಿರಬೇಕು ಎಂದು, ಹೋಗಿ ಇನ್ನೊಂದು ತೋರಿಸಿದರೆ ಅದನ್ನೂ ಕೊಡುತ್ತಾನೆ, ಅದಾದ ಮೇಲೆ ಇನ್ನೊಂದು, ಹದಿನಾರನ್ನೂ ಎರಡೂ ಕೈಯಲ್ಲಿ ಎತ್ತೆತ್ತಿ ಕೊಟ್ಟು ನೀನಿದ್ರೆ ಆಯ್ತು ಎನ್ನುತ್ತಾನೆ. ರೀ, ಎಂದಳು, ರೀ, ನೀವೇ ಬನ್ನಿ ಇಲ್ಲಿ, ನನಗೆ ವಾಸನೆ ಗೊತ್ತಾಗಲ್ಲ, ಎರಡು ತಿಂಗಳಾಯ್ತು, ಯಾವುದೂ ಗೊತ್ತಾಗಲ್ಲ — ಕೂಗಿಯೇ ಹೇಳಿದಳು, ಅತ್ತೆಗೂ ಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ, ಒಳಗೆ ಕುರ್ಚಿ ಸರಿದ ಸದ್ದು, ಚಪ್ಪಲಿ ಹುಡುಕುವ ಸದ್ದು, ಬರುತ್ತಿದ್ದಾನೆ, ಅಡುಗೆಮನೆ ದಾಟಿದ, ಅವನು ಬಂದು ನೋಡುವವರೆಗಾದರೂ ಉಸಿರಿರಲಿ, ಇಲ್ಲ, ಅವನು ಬರುವುದರೊಳಗೆ ಮುಗಿದುಹೋಗಲಿ, ಇಲ್ಲ, ಕೊಕ್ಕು ತೆರೆಯುತ್ತದೆ, ಸದ್ದಿಲ್ಲ, ಮುಚ್ಚುತ್ತದೆ, ತೆರೆಯುತ್ತದೆ