ನಲವತ್ತು ವರ್ಷದ ಪೋರ್ಟ್

“ಮೂಗು ಕೈಕೊಟ್ಟ ದಿನ ನಾನೇ ಬಾಯಿಬಿಟ್ಟು ಹೇಳ್ತೀನಿ, ದೊಡ್ಡಪ್ಪ” ಎಂದು ಮಾತು ಕೊಟ್ಟಾಗ ಅವಳಿಗೆ ಇಪ್ಪತ್ತೆರಡು. ಆ ಮಾತಿನ ಮೇಲೆಯೇ ದೊಡ್ಡಪ್ಪ ಅವಳಿಗೆ ವೈನ್ ನೆಲಮಾಳಿಗೆಯಲ್ಲಿ ರುಚಿ ನೋಡುವ ಕೆಲಸ ಕಲಿಸಿದ್ದ.

ಈಗ ಐವತ್ತು. ಮೂರು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಅಂದಿನಿಂದ ಬಣ್ಣ ನೋಡಿ, ಪೀಪಾಯಿಯ ವಯಸ್ಸು ನೋಡಿ, ನೆನಪಿನ ಮೇಲೆ ದಿನ ತಳ್ಳುತ್ತಿದ್ದಳು. ಮಗಳ ಓದು ಇನ್ನೂ ಎರಡು ವರ್ಷವಿತ್ತು.

ಇವತ್ತು ತೆರೆದದ್ದು ದೊಡ್ಡಪ್ಪನೇ ತುಂಬಿಸಿಟ್ಟಿದ್ದ ನಲವತ್ತು ವರ್ಷದ ಟಾನಿ ಪೋರ್ಟ್ ಎಂಬ ಸಿಹಿ ವೈನು. ನಿವೃತ್ತನಾಗಿದ್ದ ಅವನನ್ನೂ ನೆಲಮಾಳಿಗೆಯ ಯಜಮಾನರು ಕರೆಸಿದ್ದರು. ಮರದೊಳಗೆ ಕೂತು ಕೂತು ವೈನಿನ ಕೆಂಪೆಲ್ಲ ಇಳಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಅವಳು ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ನೋಡಿದಳು, ಮೂಸಿದಳು, ಒಂದು ಗುಟುಕು ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳಿದಳು. ನಾಲಿಗೆಗೆ ಸಿಹಿ, ಗಂಟಲಿಗೆ ಬಿಸಿ. ಅಷ್ಟೇ.

“ಒಣ ಅಂಜೂರ, ಅಕ್ರೋಟು, ಕೊನೆಗೆ ಕಿತ್ತಳೆ ಸಿಪ್ಪೆ” ಎಂದಳು.

“ನಿಮ್ಮ ಮೂಗಿಗೆ ವಿಮೆ ಮಾಡಿಸ್ಬೇಕು ಕಣ್ರೀ!” ಯಜಮಾನರು ಹಿಗ್ಗಿದರು.

ದೊಡ್ಡಪ್ಪ ಅವಳ ಗ್ಲಾಸನ್ನೇ ಎತ್ತಿ ಮೂಸಿ ಮುಖ ಹಿಂಡಿದ. “ಏನೇ ಇದು, ಬಟ್ಟೆ ಒಗೆದ ನೀರಿನ ಥರ ಸೋಪು ಹೊಡೀತಿದೆ! ಗ್ಲಾಸು ತೊಳೆದೋರು ಯಾರು? ನಲವತ್ತು ವರ್ಷ ಕಾದಿದ್ದು ಇದಕ್ಕಾ...” ಎಂದವನು ಅವಳ ಮುಖ ನೋಡಿ ಥಟ್ಟನೆ ಸುಮ್ಮನಾದ.

“ಆ ಗ್ಲಾಸು ತೊಳೆಯೋ ಅಕ್ಕನಿಗೆ ಎಷ್ಟು ಸಲ ಹೇಳೋದು!” ಯಜಮಾನರು ಎದ್ದರು. “ಇವತ್ತೇ ಮನೆಗೆ ಕಳಿಸ್ತೀನಿ.”

“ಬಿಡಿ ಬಿಡಿ, ನಂದು ಮುದಿ ಮೂಗು” ಎಂದ ದೊಡ್ಡಪ್ಪ, ನೆಲ ನೋಡುತ್ತಾ. “ಸೋಪೂ ಇಲ್ಲ, ಏನೂ ಇಲ್ಲ. ಇವಳು ಹೇಳಿದ್ದೇ ಸರಿ ಇರ್ಬೇಕು.”

ಊರೆಲ್ಲ ಕೊಂಡಾಡಿದ ಮೂಗು ದೊಡ್ಡಪ್ಪನದು. ಅವಳು ಹ್ಞೂಂ ಅಂದಿದ್ದರೆ ಸಾಕಿತ್ತು, ಗುಟ್ಟು ಉಳಿಯುತ್ತಿತ್ತು.

“ದೊಡ್ಡಪ್ಪನ ಮೂಗು ಸರಿಯಾಗೇ ಇದೆ, ಸರ್” ಎಂದಳು. “ಜ್ವರ ಬಂದಾಗಿನಿಂದ ನನಗೇ ಏನೂ ವಾಸನೆ ಬರ್ತಿಲ್ಲ. ಅಂಜೂರ ಗಿಂಜೂರ ಎಲ್ಲಾ ನೆನಪಿಂದ ಹೇಳಿದ್ದು.”

ಯಜಮಾನರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ದೊಡ್ಡಪ್ಪ ಬೇರೊಂದು ಗ್ಲಾಸನ್ನು ಮೂರು ಸಲ ತೊಳೆದು, ತನ್ನ ಅಂಗಿಯ ಚುಂಗಿನಿಂದ ಒರೆಸಿ, ಎರಡು ಬೆರಳು ವೈನು ಬಗ್ಗಿಸಿ ಅವಳ ಮುಂದೆ ಹಿಡಿದ.

“ಇವತ್ತು ಉಗುಳಬೇಡ ಕಣೇ. ಕುಡಿ.”

ಅವಳು ಕುಡಿದಳು. ಎದೆಯವರೆಗೆ ಬೆಚ್ಚಗಾಯಿತು.

ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು, ಮೂರು ತಿಂಗಳು ತಡವಾಗಿ.