ಎಣಿಕೆ ಕಡ್ಡಿಯ ಮೇಲಿನ ಹೆಸರು

ಮದುವೆ ನೋಂದಣಿಯ ಅರ್ಜಿಯಲ್ಲಿ ಸಾಕ್ಷಿಗಳಿಗೆ ಎರಡು ಜಾಗ. ಒಂದರಲ್ಲಿ ಹುಡುಗ ಗೆನ್ತಾನ ಅಪ್ಪ ಸಹಿ ಹಾಕಿ ಆಗಿತ್ತು. ಇನ್ನೊಂದು ನನ್ನದು. ಭಾನುವಾರ ಮಧ್ಯಾಹ್ನ ಮಗಳು ಹೊನಾಮಿ ಅದನ್ನು ತಂದು ಮೇಜಿನ ಮೇಲಿಟ್ಟಾಗ ನಾನು ನೋಡಿದ್ದು ನನ್ನ ಕೈಗಳನ್ನು. ಶಾಲೆಯ ಅಡುಗೆಮನೆಯಲ್ಲಿ ದಿನಾ ನಾನೂರು ಮಕ್ಕಳಿಗೆ ಸಾರು ತಿರುವಿ ತಿರುವಿ ಗಂಟುಗಂಟಾದ ಕೈ. ಇದೇ ಕೈ ಇಪ್ಪತ್ತಾರು ವರ್ಷದ ಹಿಂದೆ ವಿಚ್ಛೇದನದ ಅರ್ಜಿಗೂ ಸಹಿ ಹಾಕಿತ್ತು. ಅದಕ್ಕೂ ಇಬ್ಬರು ಸಾಕ್ಷಿ ಬೇಕಿತ್ತು; ಒಬ್ಬಳು ನನ್ನ ಅಕ್ಕ.

"ನನ್ನಂಥವಳ ಸಹಿ ಯಾಕೆ ಮಗಳೇ? ದೊಡ್ಡಮ್ಮನ ಹತ್ರ ಹಾಕಿಸ್ಕೋ. ಅವಳದು ನಲವತ್ತು ವರ್ಷದ ಸಂಸಾರ."

"ದೊಡ್ಡಮ್ಮ ನಿನ್ನ ಡೈವೋರ್ಸಿಗೆ ಹಾಕಿದ್ದಾಳಲ್ಲ, ಅವಳ ಕೈಗುಣ ಆಗ್ಲೇ ಗೊತ್ತಾಗಿದೆ ಬಿಡು."

ಗೆನ್ತಾ ನಕ್ಕ, ನನ್ನ ಮುಖ ನೋಡಿ ನಗು ನುಂಗಿದ. ಲಿಫ್ಟು ರಿಪೇರಿ ಮಾಡುವ ಹುಡುಗ. ಎಂಟು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಏಪ್ರಿಲ್‌ಗೆ ಅವನಿಗೆ ಕಾಗೊಶಿಮಾಕ್ಕೆ ವರ್ಗ. "ಎಳ್ಕೊಂಡು ಹೋಗಲ್ಲ ಕಣೇ. ಆದ್ರೆ ಅಷ್ಟು ದೂರ ಕೂತು ಇನ್ನೂ ಎಂಟು ವರ್ಷ ಕಾಯೋಕೂ ನನ್ನಿಂದಾಗಲ್ಲ" ಅಂದಿದ್ದನಂತೆ. ಇದನ್ನು ಹೊನಾಮಿಯೇ ನನಗೆ ಫೋನಿನಲ್ಲಿ ಹೇಳಿದ್ದಳು, ಹವಾಮಾನ ವರದಿ ಓದುವ ದನಿಯಲ್ಲಿ.

ಅರ್ಜಿ ಓದಿದೆ. ಎಲ್ಲ ತುಂಬಿತ್ತು, ಒಂದು ಖಾನೆ ಬಿಟ್ಟು. ಗಂಡ ಹೆಂಡತಿಗೆ ಕಾನೂನಿನ ಪ್ರಕಾರ ಒಂದೇ ಮನೆತನದ ಹೆಸರಿರಬೇಕು. ಗಂಡನದೋ ಹೆಂಡತಿಯದೋ, ಒಂದಕ್ಕೆ ಗುರುತು ಹಾಕಬೇಕು.

"ಇಲ್ಲಿ ಮರೆತಿದೀರ."

"ಮರೆತಿಲ್ಲ" ಅಂದರು ಇಬ್ಬರೂ.

"ನಾನೇ ನಿಮ್ಮ ಹೆಸರು ತಗೊಂಡು ನೊಜಿರಿ ಆಗ್ತೀನಿ ಅಂದೆ ಅಮ್ಮಾ" ಅಂದ ಗೆನ್ತಾ. "ನಾನು ಮೂರನೇ ಮಗ. ನಮ್ಮಪ್ಪನ ಹತ್ರ ಇನ್ನೂ ಎರಡು ಸೆಗಾವಾ ಸ್ಟಾಕಿದೆ, ಕೊರತೆ ಏನಿಲ್ಲ. ಇವಳು ಅದಕ್ಕೂ ಒಪ್ಪಲ್ಲ."

"ನಿನಗದು ತಮಾಷೆ. ನಾಳೆ ಬೇರೆ ಆದ್ರೆ ಮತ್ತೆ ಸೆಗಾವಾ ಆಗೋಕೆ ಬ್ಯಾಂಕು, ಲೈಸೆನ್ಸು ಅಂತ ಅಲೀಬೇಕು."

"ಇನ್ನೂ ಮದುವೆನೇ ಆಗಿಲ್ಲ, ಆಗ್ಲೇ ಬೇರೆ ಮಾಡ್ತಿದೀಯಲ್ಲೇ!"

"ನಾನು ಹಾಗೇನೇ. ಯಾರ ಮನೆಗೆ ಹೋದ್ರೂ ಚಪ್ಪಲಿ ಬಾಗಿಲ ಕಡೆ ತಿರುಗಿಸಿಟ್ಟೇ ಒಳಗೆ ಹೋಗೋಳು."

"ಅದು ಎಲ್ಲರೂ ಮಾಡ್ತಾರೆ."

"ಎಲ್ಲರೂ ಮರ್ಯಾದೆಗೆ ಮಾಡ್ತಾರೆ. ನಾನು ಓಡೋಕೆ."

ನನ್ನಂಥ ತಾಯಂದಿರ ಬಾಯಲ್ಲಿ ಸದಾ ಸಿದ್ಧವಿರುವ ಮಾತೊಂದಿದೆ. ಅದನ್ನೇ ಆಡಿದೆ. "ನಮ್ಮ ಜಗಳ ನೋಡಿ ನೋಡಿ ನಿನಗೆ ಮದುವೆ ಅಂದ್ರೆ ಹೀಗಾಯ್ತು. ತಪ್ಪು ನಂದು."

"ಜಗಳ ನನಗೆ ಅಷ್ಟು ನೆನಪೇ ಇಲ್ಲಮ್ಮ. ಅಪ್ಪ ತಟ್ಟೆ ಎಸೆದಿದ್ದೂ ನೀನು ಹೇಳೇ ಗೊತ್ತು. ನನಗೆ ನೆನಪಿರೋದು ಎಣಿಕೆ ಡಬ್ಬಿ."

ಒಂದನೇ ತರಗತಿಯ ಲೆಕ್ಕದ ಡಬ್ಬಿ. ಕಡ್ಡಿ, ಬಿಲ್ಲೆ, ಆಟದ ಗಡಿಯಾರದ ಮುಳ್ಳು ಎಲ್ಲ ಸೇರಿ ಮುನ್ನೂರು ಚಿಲ್ಲರೆ ಚೂರು. ಪ್ರತಿಯೊಂದರ ಮೇಲೂ ಉಗುರಿನ ತುಣುಕಿನಷ್ಟು ಚೀಟಿಯಲ್ಲಿ ಮಗುವಿನ ಹೆಸರು ಅಂಟಿಸಬೇಕು. ಪ್ರತಿ ಏಪ್ರಿಲ್‌ನಲ್ಲಿ ಊರಿನ ತಾಯಂದಿರೆಲ್ಲ ಚಿಮಟ ಹಿಡಿದು ಶಪಿಸುತ್ತ ಮಾಡುವ ಕೆಲಸ. ಆ ಏಪ್ರಿಲ್‌ನಲ್ಲಿ ನಾನು ಅಂಟಿಸಿದ್ದು 'ಅಸಕುರಾ ಹೊನಾಮಿ'. ಶರತ್ಕಾಲದ ಹೊತ್ತಿಗೆ ನಾನು ತವರಿನ ಹೆಸರಿಗೆ ಮರಳಿ ನೊಜಿರಿ ಆಗಿದ್ದೆ. ಮೂರು ತಿಂಗಳೊಳಗೆ ಒಂದು ಕಾಗದ ಕೊಟ್ಟಿದ್ದರೆ ಹಳೆಯ ಹೆಸರೇ ಉಳಿಯುತ್ತಿತ್ತು. ಕೊಡಲಿಲ್ಲ. ಕೋರ್ಟಿಗೆ ಹೋಗಿ ಮಗಳನ್ನೂ ನೊಜಿರಿ ಮಾಡಿದೆ. ನನ್ನ ಮನೆಯಲ್ಲಿ ಒಂದು ಕಡ್ಡಿಯ ಮೇಲೂ ಆ ಮನುಷ್ಯನ ಹೆಸರಿರಬಾರದು ಎಂಬ ಹಟ. ಊರು ಬದಲಾಯಿತು, ಶಾಲೆ ಬದಲಾಯಿತು. ಹಳೆಯ ಚೀಟಿ ಕೀಳಲು ಪುರುಸೊತ್ತಿಲ್ಲದೆ ಹೊಸದನ್ನು ಅದರ ಮೇಲೆಯೇ ಅಂಟಿಸಿ ಕಳಿಸಿದೆ.

"ಮೇಲಿನ ಚೀಟಿ ಕ್ಲಾಸಲ್ಲಿ ಕಿತ್ತು ಬರ್ತಿತ್ತು" ಅಂದಳು ಹೊನಾಮಿ. "ಪಕ್ಕದ ಹುಡುಗಿ ನೋಡಿ, 'ಇದು ಅಸಕುರಾ ಅನ್ನೋಳದ್ದು, ಕದ್ದಿದೀಯ' ಅಂದ್ಲು. ನಾನು ಹೌದು ಅಂದೆ."

"ಹೌದು ಅಂದ್ಯಾ?"

"ಕದ್ದೆ ಅಂದ್ರೆ ಒಂದ್ಸಲ ಬೈಸ್ಕೊಂಡ್ರೆ ಮುಗೀತು. ನಿಜ ಹೇಳೋಕೆ ಹೋಗಿದ್ರೆ ಮುಗೀತಾನೇ ಇರ್ಲಿಲ್ಲ."

ಗೆನ್ತಾ ಸುಲಿಯುತ್ತಿದ್ದ ಸೇಬು ಹಣ್ಣನ್ನು ಕೆಳಗಿಟ್ಟ. ಅವನಿಗೂ ಇದು ಹೊಸದು ಅಂತ ಗೊತ್ತಾಯಿತು.

"ಆಗ ನಿನ್ನನ್ನ ಒಂದು ಮಾತು ಕೇಳಬೇಕಿತ್ತು" ಅಂದೆ. "ಕೇಳಿದ್ರೆ ಏನು ಹೇಳ್ತಿದ್ದೆ?"

"ಅಸಕುರಾನೇ ಇರ್ಲಿ ಅಂತಿದ್ದೆ." ನನ್ನ ಮುಖ ನೋಡಿ ಮೆತ್ತಗಾದಳು. "ಅಪ್ಪನ ಮೇಲಿನ ಪ್ರೀತಿಗಲ್ಲಮ್ಮ. ಅದನ್ನ ಬರೆಯೋಕೆ ಆಗಷ್ಟೇ ಕಲ್ತಿದ್ದೆ."

ಆ ಹೆಸರಿನಿಂದ ಮಗಳನ್ನು ಬಿಡಿಸಿ ತಂದದ್ದೇ ನನ್ನ ಬಾಳಿನ ಗೆಲುವು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಎದ್ದು ಹೋಗಿ ಪೆನ್ನು ತಂದೆ. ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದೆ.

"ಆ ಖಾನೆ ಬಗ್ಗೆ ನಾನು ಬಾಯಿ ಬಿಡಲ್ಲ. ಖಾಲಿ ಬಿಟ್ರೆ ಕಚೇರಿಯವರು ತಗೊಳ್ಳಲ್ಲ, ತಗೊಳ್ಳದಿದ್ರೆ ಬೇಡ. ಈ ಸಲ ಹೆಸರು ಅಂಟಿಸೋಳು ನೀನೇ."

ಹೊರಡುವಾಗ ಬಾಗಿಲಲ್ಲಿ ಅವಳ ಚಪ್ಪಲಿ ಬೀದಿಗೆ ಮುಖ ಮಾಡಿ ಜೋಡಿಯಾಗಿ ನಿಂತಿದ್ದವು. ಗೆನ್ತಾನ ಬೂಟು ಒಂದು ಇಲ್ಲಿ, ಒಂದು ಅಲ್ಲಿ, ಎರಡೂ ಮನೆಯೊಳಗೆ ನೋಡುತ್ತಿದ್ದವು.

"ನೋಡೇ, ಇವನಿಗೆ ಓಡೋ ಯೋಚನೆನೇ ಇಲ್ಲ" ಅಂದೆ.

"ಅದು ಸೋಮಾರಿತನ ಅಮ್ಮ" ಅಂದಳು. ಆದರೂ ಬಗ್ಗಿ ಅವನ ಬೂಟು ತಿರುಗಿಸಿಟ್ಟಳು.

ಹತ್ತು ದಿನ ಸದ್ದಿಲ್ಲ. ನಾನೂ ಫೋನ್ ಮಾಡಲಿಲ್ಲ. ಹನ್ನೊಂದನೆಯ ದಿನ, ಕೆಲಸ ಮುಗಿಸಿ ಏಪ್ರನ್ ಬಿಚ್ಚುತ್ತಿದ್ದೆ, ಅವಳೇ ಮಾಡಿದಳು.

"ಕೊಟ್ಟು ಬಂದ್ವಿ."

"ಯಾವುದು?"

"ನೊಜಿರಿ. ನೀನು ಜಂಬ ಪಡ್ಬೇಡ. ಇಷ್ಟು ವರ್ಷ ಬರೆದು ಬರೆದು ಕೈಗೆ ಕೂತಿದೆ. ಗೆನ್ತಾನ್ನ ಎರಡು ಸಲ ಕೇಳ್ದೆ. ಬೇರೆ ಆದ್ರೆ ಏನ್ ಮಾಡ್ತೀಯ ಅಂತಾನೂ ಕೇಳ್ದೆ. 'ಅಲೆಯೋನು ನಾನು ತಾನೇ, ನಿಂಗ್ಯಾಕೆ ಕಾಲು ನೋವು' ಅಂದ."

"ಹೆದರಿಕೆ?"

"ಇದೆ. ಇದ್ರೂ ಕೊಟ್ಟೆ. ಈಗ ಅವನು ಕೆಲಸದ ಹೆಲ್ಮೆಟ್ಟಿನ ಹೆಸರು ಬದಲಾಯಿಸ್ತಿದಾನೆ. ಸೆಗಾವಾ ಮೇಲೆಯೇ ಅಂಟಿಸೋಕೆ ಹೊರಟಿದ್ದ. ನಾನು ಬಿಡ್ಲಿಲ್ಲ. ಮೊದ್ಲು ಹಳೇದನ್ನ ಹರೀದೆ ಬಿಡಿಸು, ಎತ್ತಿಡೋಣ ಅಂದೆ."

ಹಿಂದಿನಿಂದ ಗೆನ್ತಾನ ಕೂಗು ಕೇಳಿಸಿತು. "ಅಮ್ಮಾ, ಅರ್ಧ ಗಂಟೆಯಿಂದ ಕೆರೀತಿದೀನಿ, ಬರ್ತಾನೇ ಇಲ್ಲ!"

"ಉಗುರು ಹಾಕ್ಬೇಡ್ವೋ" ಅಂತ ನಾನೂ ಕೂಗಿದೆ. "ಬಿಸಿನೀರಿನ ಬಟ್ಟೆ ಇಟ್ಟು ಸ್ವಲ್ಪ ಹೊತ್ತು ಬಿಡು."