ಗೋಡೆರಾಯರ ಊಟ

ನನ್ನ ಬಾಲ್ಯಕ್ಕೆ ಒಂದು ವಾಸನೆಯಿದೆ. ಹುರಿದ ಈರುಳ್ಳಿ ಮತ್ತು ಸೀಮೆಎಣ್ಣೆ, ಎರಡೂ ಒಟ್ಟಿಗೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅದರೊಳಗೆ ತಲೆ ತೂರಿಸಿದರೆ ಈಚೆಯಿಂದ ಅಜ್ಜಿಯ ಬಾಣಲೆಯ ಈರುಳ್ಳಿ, ಆಚೆಯಿಂದ ಚಿಕ್ಕಪ್ಪ ಗಡಿಯಾರದ ಹಲ್ಲುಚಕ್ರಗಳನ್ನು ತೊಳೆಯುತ್ತಿದ್ದ ಸೀಮೆಎಣ್ಣೆ, ನಡುವೆ ಹಳೆಯ ಮರದ ಘಮ. ತಲೆ ಸಿಕ್ಕಿಕೊಂಡರೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಗೋಡೆಯನ್ನೋ ತಲೆಯನ್ನೋ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮನೆ ಮಾರಿದ ಸಂಗತಿ ಹೇಳಬೇಕೆಂದರೆ ಈ ಕಿಂಡಿಯಿಂದಲೇ ಶುರುಮಾಡಬೇಕು. ಸಾಲುಮರಗಳ ಬೀದಿಯಲ್ಲಿ ಒಂದು ಹಳೆಯ ಕಟ್ಟಡ, ಅದರ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಎತ್ತರದ ಚಾವಣಿ, ಮರದ ನೆಲ, ಬಾಲ್ಕನಿಯ ಬಾಗಿಲಿಗೆ ಬಣ್ಣದ ಗಾಜು, ಹಿತ್ತಾಳೆಯ ಹಿಡಿಗಳು. ತಾತ ಕೊಂಡಾಗ ಅದು ಇಡಿಯಾಗಿ ಒಂದೇ ಮನೆಯಾಗಿತ್ತು. ಅಡುಗೆಮನೆಯಿಂದ ಊಟದ ಕೋಣೆಗೆ ಸುತ್ತಿ ಬರುವ ಕಷ್ಟ ತಪ್ಪಲೆಂದು ಗೋಡೆಯಲ್ಲಿ ಆ ಕಿಂಡಿ ಬಿಟ್ಟು, ಎರಡೂ ಕಡೆ ಪುಟ್ಟ ಬಾಗಿಲು ಇಟ್ಟಿದ್ದರು. ತಾತ ಹೋದಮೇಲೆ ಬಾಲ್ಕನಿ ಯಾರ ಪಾಲಿಗೆ ಎಂಬ ಮಾತು ಬೆಳೆದು, ಅಪ್ಪನೂ ಚಿಕ್ಕಪ್ಪನೂ ಆಡಬಾರದ್ದನ್ನು ಆಡಿಕೊಂಡು, ನಡುಮನೆಗೆ ಅಡ್ಡಗೋಡೆ ಎದ್ದಿತು. ಅಡುಗೆಮನೆ ನಮಗೆ ಬಂತು, ಊಟದ ಕೋಣೆ ಅವರಿಗೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ.

ಆದರೆ ಗಾರೆ ಇನ್ನೂ ಹಸಿಯಿದ್ದಾಗಲೇ ಅಜ್ಜಿ ಕಿಂಡಿಯಲ್ಲಿ ಒಂದು ಪಾತ್ರೆ ಇಟ್ಟು, ನಮ್ಮ ಕಡೆಯ ಬಾಗಿಲು ಮುಚ್ಚಿ, ಎರಡು ಸಲ ತಟ್ಟಿದಳಂತೆ. ಜಗಳ ಗಂಡಸರದ್ದು, ಹೊಟ್ಟೆ ಎಲ್ಲರದ್ದು ಎಂದಳಂತೆ. ಆಚೆಯ ಬಾಗಿಲು ತೆರೆಯಿತು, ಪಾತ್ರೆ ಹೋಯಿತು. ಸಂಜೆ ತೊಳೆದ ಪಾತ್ರೆ ಬಂತು, ಎರಡು ಸಲ ತಟ್ಟಿದ ಸದ್ದಾಯಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮಲ್ಲಿ ಮಾತು ಕೆಡಿಸಿದ್ದನ್ನು ತೂತು ಅಷ್ಟಿಷ್ಟು ಉಳಿಸಿಕೊಂಡಿತು. ಒಂದೇ ಕಟ್ಟುಪಾಡು: ಒಂದು ಕಡೆಯ ಬಾಗಿಲು ತೆರೆದಿರುವಾಗ ಇನ್ನೊಂದು ಕಡೆಯವರು ತೆರೆಯಬಾರದು. ಊಟ ದಾಟುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಹಿರಿಯರೆಲ್ಲ ಹೋದರು. ಆಚೆ ಚಿಕ್ಕಪ್ಪನ ಮಗ ಒಬ್ಬನೇ ಉಳಿದ. ನನಗಿಂತ ಚಿಕ್ಕವನು, ಮದುವೆಯಾಗಲಿಲ್ಲ, ಅಪ್ಪನ ಹಾಗೆ ಮನೆಯಲ್ಲೇ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ. ಈಚೆ ಹೆಂಗಸರಿಬ್ಬರು, ನಾನು ಮತ್ತು ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೇ. ಮೆಟ್ಟಿಲಲ್ಲಿ ಎದುರಾದರೆ ಅವನು ಗೋಡೆಯ ಕಡೆ ತಿರುಗಿ ನಿಂತು ನಮಗೆ ದಾರಿ ಬಿಡುತ್ತಿದ್ದ. ಅದಕ್ಕೇ ಅತ್ತಿಗೆ ಅವನಿಗೆ ಗೋಡೆರಾಯ ಎಂದು ಹೆಸರಿಟ್ಟಿದ್ದರು. ಅಡುಗೆ ಮಾಡುವಾಗಲೆಲ್ಲ ಅವನ ಸುದ್ದಿಯೇ. ಗೋಡೆರಾಯರಿಗೆ ಇವತ್ತು ಬದನೆಕಾಯಿ ಸೇರುತ್ತೋ ಇಲ್ಲವೋ, ಉಪ್ಪು ಕಮ್ಮಿ ಎನ್ನುವುದಕ್ಕೂ ಬಾಯಿಲ್ಲದ ಮಹಾನುಭಾವ, ಉಂಡ ಮನೆಗೆ ಒಂದು ಕೆಮ್ಮನ್ನಾದರೂ ಕಳಿಸಬಾರದೇ. ನಾನು ನಗುತ್ತ ತರಕಾರಿ ಹೆಚ್ಚುತ್ತಿದ್ದೆ. ಬಯ್ದು ಮುಗಿಸಿ, ಇದ್ದುದರಲ್ಲಿ ಒಳ್ಳೆಯ ಹೋಳುಗಳನ್ನು ಆರಿಸಿ ಅತ್ತಿಗೆ ಅವನ ಪಾತ್ರೆಗೆ ಹಾಕುತ್ತಿದ್ದರು.

ಮಾರುವ ಮಾತು ಬಂದದ್ದು ಅತ್ತಿಗೆಯ ಮಂಡಿಯಿಂದ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಒಮ್ಮೆ ಕೆಳಗಿಳಿದರೆ ಮೇಲೆ ಬರುವಷ್ಟರಲ್ಲಿ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಅವರ ಮಗಳು ತನ್ನ ಮನೆಯ ಹತ್ತಿರ, ನೆಲಮಹಡಿಯಲ್ಲಿ ನಮ್ಮಿಬ್ಬರಿಗೂ ಆಗುವಂಥ ಮನೆ ನೋಡಿದಳು. ಅತ್ತಿಗೆ ಆಯಿತು ಎಂದರು. ಕಿಂಡಿಯ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ದಳ್ಳಾಳಿ ಒಬ್ಬ ಹುಡುಗಿ. ಮರದ ನೆಲಕ್ಕೆ ಗೀರು ಬೀಳಬಾರದೆಂದು ಮೊದಲ ದಿನವೇ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಳು, ಆಗಲೇ ನನಗೆ ಹಿಡಿಸಿದಳು. ಜಾಹೀರಾತನ್ನು ಓದಿ ತೋರಿಸಿದಳು: ಬೇಡಿಕೆಯ ಬಡಾವಣೆ, ಹಳೆಯ ಕಾಲದ ಸೊಗಸು, ಚೆನ್ನಾಗಿ ಕಾಪಾಡಿಕೊಂಡು ಬಂದದ್ದು, ಸ್ವಲ್ಪ ದುರಸ್ತಿ ಬೇಕು.

"ಮನೆ ಮಾರ್ತಿದೀಯೋ ನಮ್ಮನ್ನೋ?" ಎಂದರು ಅತ್ತಿಗೆ.

ನೋಡಲು ಬಂದವರಲ್ಲಿ ಹಲ್ಲಿನ ಡಾಕ್ಟರೂ ಅವರ ಹೆಂಡತಿಯೂ ಮನೆಯನ್ನು ಬಹಳ ಮೆಚ್ಚಿದರು. ಬೆಳಿಗ್ಗೆ ಬರಬೇಕಾದವರು, ಯಾರದೋ ಹಲ್ಲು ಕೀಳುವುದು ತಡವಾಗಿ ಮಧ್ಯಾಹ್ನ ಬಂದರು. ಅತ್ತಿಗೆ ಆಗಷ್ಟೇ ಪಾತ್ರೆ ಇಟ್ಟು, ಬಾಗಿಲು ಮುಚ್ಚಿ, ಎರಡು ಸಲ ತಟ್ಟಿದ್ದರು. ಡಾಕ್ಟರ ಹೆಂಡತಿ ಅಡುಗೆಮನೆಗೆ ಬಂದವರೇ, ಎಷ್ಟು ಮುದ್ದಾದ ಬಾಗಿಲು ಎನ್ನುತ್ತ ಹಿಡಿ ತಿರುಗಿಸಿಬಿಟ್ಟರು. ನಾನು ಬೇಡ ಎನ್ನುವಷ್ಟರಲ್ಲಿ ತೆರೆದಾಗಿತ್ತು.

ಆಚೆಯದೂ ತೆರೆದಿತ್ತು. ಅವನು ಬನಿಯನ್‌ನಲ್ಲಿ ನಿಂತಿದ್ದ, ನಮ್ಮ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ತಲೆ ಪೂರ್ತಿ ನರೆತಿತ್ತು. ಚಿಕ್ಕಪ್ಪನೇ ನಿಂತಂತಿತ್ತು. ಆಮೇಲೆ ಅವನು ತಲೆ ತಗ್ಗಿಸಿ ಬಾಗಿಲು ಮುಚ್ಚಿಕೊಂಡ. ಡಾಕ್ಟರ ಹೆಂಡತಿ ಪಾಪ, ಕ್ಷಮಿಸಿ ಕ್ಷಮಿಸಿ ಎಂದು ಕೆಂಪಾದರು.

ಅವರು ಹೋದಮೇಲೆ ಅತ್ತಿಗೆ ಗೋಡೆ ನೋಡುತ್ತಲೇ ಕೂತಿದ್ದರು.

"ಕುರ್ಚಿ ನೋಡಿದ್ಯಾ?" ಎಂದು ಪಿಸುಗುಟ್ಟಿದರು.

ನೋಡಿದ್ದೆ. ಕಿಂಡಿಯ ಕೆಳಗೇ, ಗೋಡೆಗೆ ಬೆನ್ನು ತಾಗುವ ಹಾಗೆ ಒಂದು ಕುರ್ಚಿ. ದಿಂಬು ಮಧ್ಯದಲ್ಲಿ ತೀರಾ ಸವೆದಿತ್ತು. ಪಕ್ಕದಲ್ಲಿ ಪುಟ್ಟ ಮೇಜು, ಒಂದು ಲೋಟ, ಒಂದು ಚಮಚ.

"ಅಲ್ಲೇ ಕೂತು ಉಣ್ತಾನೆ. ಇಷ್ಟು ವರ್ಷ ಅಲ್ಲೇ ಕೂತಿದಾನೆ. ನಾನು ಆಡಿದ್ದೆಲ್ಲ ಕೇಳಿಸ್ಕೊಂಡಿದಾನೆ."

ಆ ಹಲಗೆಯ ಬಾಗಿಲುಗಳನ್ನು ನಾವು ಗೋಡೆಯೆಂದೇ ನಂಬಿದ್ದೆವು. ಅಣ್ಣ ಹೋದಾಗ ಅತ್ತಿಗೆ ನನಗೆ ಕೇಳಬಾರದೆಂದು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದದ್ದು ಆ ಗೋಡೆಯ ಪಕ್ಕದಲ್ಲೇ. ಮಗಳ ಮೇಲಿನ ಮುನಿಸು, ಗಂಡನ ಮೇಲಿನ ಹಳೆಯ ದೂರು, ನನ್ನ ಮೇಲಿನದ್ದೂ ಇದ್ದಿರಬಹುದು, ಎಲ್ಲವನ್ನೂ ಅವರು ಒಲೆಯ ಮುಂದೆ ಗೊಣಗಿಕೊಳ್ಳುತ್ತಿದ್ದರು. ಮನಸ್ಸಿನ ಬಟ್ಟೆ ಒಗೆಯುವ ಕಲ್ಲು ಅವರಿಗೆ ಅದೇ. ಅದನ್ನೆಲ್ಲ ಒಬ್ಬ ಗಂಡಸು ತುತ್ತಿನ ಜೊತೆ ನುಂಗುತ್ತಿದ್ದ.

ಮರುದಿನ ಅತ್ತಿಗೆ ಒಲೆ ಹಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಮಾಡುತ್ತೇನೆಂದರೆ, ಮಾಡಿ ಅಲ್ಲಿಗೆ ಕಳಿಸುವುದಾದರೆ ಬೇಡ, ಕಳಿಸದೆ ಉಣ್ಣುವುದಾದರೆ ತಮ್ಮ ಗಂಟಲಲ್ಲಿ ಇಳಿಯುವುದಿಲ್ಲ ಎಂದರು. ಹೀಗಾಗಿ ಇಬ್ಬರೂ ಬ್ರೆಡ್ಡು ತಿಂದೆವು. ಅಂದು ಹೋದ ಪಾತ್ರೆಯೂ ವಾಪಸು ಬರಲಿಲ್ಲ. ಅವನು ಏನು ತಿನ್ನುತ್ತಿದ್ದಾನೋ ಎಂದು ಯೋಚಿಸುತ್ತ ನಾನು ಬ್ರೆಡ್ಡಿನ ಅಂಚನ್ನು ತಟ್ಟೆಯಲ್ಲೇ ಬಿಡುತ್ತಿದ್ದೆ.

ಅಷ್ಟರಲ್ಲಿ ದಳ್ಳಾಳಿ ಹುಡುಗಿ ಬಂದಳು, ಕೆಳಗೆ ನಮಗಾಗಿ ಬಂದಿದ್ದ ಹಾಲನ್ನೂ ಎತ್ತಿಕೊಂಡೇ ಬಂದಳು. ಡಾಕ್ಟರು ಒಪ್ಪಿದ್ದಾರೆ, ಆದರೆ ಕಿಂಡಿಯನ್ನು ಇಟ್ಟಿಗೆ ಹಾಕಿ ಮುಚ್ಚಿಸಿ ಕೊಡಬೇಕಂತೆ. ಗೋಡೆ ಇಬ್ಬರದ್ದಾದ್ದರಿಂದ ಆಚೆಯವರೂ ಹೂಂ ಎನ್ನಬೇಕು. ಅವಳು ಹೋಗಿ ಕೇಳಿದ್ದಳಂತೆ. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮನೆಯವರು ಬಂದು ಹೇಳಲಿ ಎಂದನಂತೆ. ಈ ವಾರದೊಳಗೆ ತೀರ್ಮಾನವಾಗದಿದ್ದರೆ ಡಾಕ್ಟರು ಬೇರೆ ಮನೆ ನೋಡುತ್ತಾರೆ ಎಂದು ಬೇಸರದಿಂದಲೇ ಹೇಳಿದಳು.

"ಆ ಹೊಸ್ತಿಲು ನಾನು ತುಳಿಯಲ್ಲ," ಎಂದರು ಅತ್ತಿಗೆ. ಹುಡುಗಿ ಅವರ ಕಾಲಬುಡಕ್ಕೆ ಒಂದು ಮಣೆ ಸರಿಸಿಕೊಟ್ಟು ಹೋದಳು.

ಮರುದಿನ ಬ್ರೆಡ್ಡು ತರಲು ನಾನು ಕೆಳಗೆ ಹೋದೆ. ಹತ್ತಿ ಬರುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಸ್ಟೂಲಿನ ಮೇಲೆ ಕೂತೆ. ಹಿಂದಿನ ವರ್ಷ ಆ ಸ್ಟೂಲು ಅಲ್ಲಿ ಕಾಣಿಸಿಕೊಂಡಾಗ ನಾವು ಕಾವಲುಗಾರನನ್ನು ಬಾಯಿತುಂಬ ಹರಸಿದ್ದೆವು. ನಾನಲ್ಲ ಅಮ್ಮ ಎಂದು ಅವನು ಎಷ್ಟು ಹೇಳಿದರೂ, ಎಂಥ ಸಂಕೋಚದ ಮನುಷ್ಯ ಎಂದುಕೊಂಡಿದ್ದೆವು. ಆ ದಿನ ಚೀಲ ಕೆಳಗಿಡಲು ಬಗ್ಗಿದಾಗ ಸ್ಟೂಲಿನ ಕಾಲಿಗೆ ಹಾಕಿದ ಸ್ಕ್ರೂಗಳು ಕಣ್ಣಿಗೆ ಬಿದ್ದವು. ಹಿತ್ತಾಳೆಯವು, ತೀರಾ ಸಣ್ಣವು. ಬಡಗಿ ಯಾವನೂ ಅಂಥ ಸ್ಕ್ರೂ ಹಾಕುವುದಿಲ್ಲ. ಗಡಿಯಾರದ ಪೆಟ್ಟಿಗೆ ಬಿಚ್ಚಿದವನ ಬಳಿ ಮಾತ್ರ ಅವು ಇರುತ್ತವೆ. ಮೂಸಿದೆ. ಸೀಮೆಎಣ್ಣೆ.

ತಿರುವಿನಲ್ಲಿ ಕೂರಲು ಒಂದು ಹಲಗೆಯಾದರೂ ಬೇಡವೇ ಎಂದು ಅತ್ತಿಗೆ ಗೊಣಗಿದ್ದು ಅಡುಗೆಮನೆಯಲ್ಲಿ. ಮೆಟ್ಟಿಲಿನ ದೀಪ ಸತ್ತಿದೆ ಎಂದದ್ದೂ ಅಲ್ಲೇ, ಅದೂ ಮರುದಿನ ಉರಿದಿತ್ತು. ಅಣ್ಣ ಹೋದ ಹೊಸದರಲ್ಲಿ, ಗೋಡೆರಾಯನ ಗಡಿಯಾರಗಳಿಗೆ ನನ್ನ ನಿದ್ದೆ ಕಂಡರೆ ಹೊಟ್ಟೆಕಿಚ್ಚು, ಗಂಟೆಗೊಮ್ಮೆ ಬಡಿದೆಬ್ಬಿಸುತ್ತವೆ ಎಂದಿದ್ದರು. ಆಮೇಲೆ ಆಚೆಯಿಂದ ಗಂಟೆ ಬಾರಿಸಿದ್ದು ನನಗೆ ನೆನಪಿಲ್ಲ. ಎಲ್ಲ ಮಾರಿಕೊಂಡಿರಬೇಕು ಎಂದು ಅತ್ತಿಗೆ ಒಮ್ಮೆ ಮರುಗಿದ್ದರು, ಅದನ್ನೂ ಅವನು ಕೇಳಿಸಿಕೊಂಡಿರಬೇಕು.

ನಮ್ಮ ಬಾಗಿಲಿಗೆ ಹೋಗದೆ ಅವನ ಬಾಗಿಲು ತಟ್ಟಿದೆ. ಕೈ ತಾನಾಗಿಯೇ ಎರಡು ಸಲ ತಟ್ಟಿತು.

ಅವನು ತೆರೆದ. ಒಳಗೆ ಗೋಡೆಯ ತುಂಬ ಗಡಿಯಾರಗಳು ಓಡುತ್ತಿದ್ದವು, ಒಂದೂ ಬಾರಿಸುತ್ತಿರಲಿಲ್ಲ. "ಬನ್ನಿ ಅಕ್ಕ," ಎಂದ. ಬೆಳೆದ ಮೇಲೆ ಅವನ ದನಿ ನಾನು ಕೇಳಿದ್ದು ಅದೇ ಮೊದಲು. ತುಂಬ ಸಣ್ಣ ದನಿ. ನಾನು ಹೊಸ್ತಿಲಲ್ಲೇ ನಿಂತು, ಡಾಕ್ಟರ ವಿಷಯ, ಕಿಂಡಿಯ ವಿಷಯ ತೊದಲಿದೆ.

"ಮುಚ್ಚಿಸಿ ಅಕ್ಕ. ನಾನ್ಯಾಕೆ ಬೇಡ ಅಂತೀನಿ? ಅತ್ತಿಗೆಗೆ ಮೆಟ್ಟಿಲು ಆಗಲ್ಲ."

"ಮತ್ತೆ ಆ ಹುಡುಗಿಗೆ ಹಾಗಂತ ಹೇಳಬಹುದಿತ್ತಲ್ಲಪ್ಪ."

"ಹೇಳಿದ್ರೆ ನೀವ್ಯಾರೂ ಬರ್ತಿರಲಿಲ್ಲ."

ಅವನು ನನ್ನ ಚೀಲ ನೋಡುತ್ತಿದ್ದ. ಒಲೆಯ ಸದ್ದೇ ಇಲ್ಲ, ಅತ್ತಿಗೆ ಏನು ತಿನ್ನುತ್ತಿದ್ದಾರೆ ಎಂದು ಕೇಳಿದ. ನಾನು ಬ್ರೆಡ್ಡು ಎತ್ತಿ ತೋರಿಸಿದೆ. ಕೆಟ್ಟುಹೋದ ಗಡಿಯಾರವನ್ನು ನೋಡುವ ಹಾಗೆ ಅದನ್ನೇ ನೋಡಿದ.

"ಕೇಳಿಸ್ಕೋಬಾರದಿತ್ತು," ಎಂದ ಕೊನೆಗೆ. "ತಪ್ಪೇ. ಆದ್ರೆ ಈ ಮನೇಲಿ ಮನುಷ್ಯರ ಮಾತು ಅಂತ ಇದ್ದಿದ್ದು ಅದೊಂದೇ ಅಕ್ಕ."

ಮನೆಗೆ ಬಂದು ಅತ್ತಿಗೆಗೆ ಎಲ್ಲ ಹೇಳಿದೆ. ಸ್ಟೂಲು, ದೀಪ, ಬಾರಿಸದ ಗಂಟೆಗಳು. ದನಿ ತಗ್ಗಿಸಿ ಹೇಳಬೇಕೋ ಬೇಡವೋ ತಿಳಿಯದೆ ಮಾಮೂಲಿ ದನಿಯಲ್ಲೇ ಹೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಇಷ್ಟು ದಿನ ನಾನು ಅದನ್ನು ಸಿಟ್ಟು ಎಂದುಕೊಂಡಿದ್ದೆ. ಸಿಟ್ಟಲ್ಲ.

"ಮೊನ್ನೆ ತಾನೇ ಅಂದಿದ್ದೆ ಕಣೇ. ಈ ಮನೆ ಬಿಟ್ರೆ ಗೋಡೆರಾಯನ ಕಾಟನಾದ್ರೂ ತಪ್ಪುತ್ತೆ ಅಂತ. ತಮಾಷೆಗೆ. ಅವನಿಗೇನು ಗೊತ್ತು ತಮಾಷೆ ಅಂತ? ಇನ್ನು ಯಾವ ಮುಖ ಇಟ್ಕೊಂಡು ಬಡಿಸಲಿ?"

"ಮುಖ ನಾವು ಯಾವತ್ತು ತೋರಿಸಿದ್ವಿ ಅತ್ತಿಗೆ?" ಎಂದೆ. ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ಆಚೆಯವನು ಒಪ್ಪಿದನೆಂದು ದಳ್ಳಾಳಿ ಹುಡುಗಿಗೆ ತಿಳಿಸಿದೆ, ಗಾರೆಯವನು ಮುಂದಿನ ವಾರ ಬರುತ್ತಾನೆಂದು ಅವಳು ಫೋನು ಮಾಡಿದಳು. ಅಡುಗೆಮನೆಯ ಕಪಾಟು ಖಾಲಿ ಮಾಡುವುದೊಂದೇ ಇನ್ನು ಉಳಿದಿದ್ದ ಕೆಲಸ. ಯಾರಿಗೂ ಕೈ ಓಡಲಿಲ್ಲ.

ಮರುದಿನ ಮಧ್ಯಾಹ್ನ ನಾವಿಬ್ಬರೂ ಬ್ರೆಡ್ಡಿನ ಮುಂದೆ ಕೂತಿದ್ದಾಗ ಗೋಡೆಯಲ್ಲಿ ಎರಡು ಸಲ ಸದ್ದಾಯಿತು.

ಆ ಹೊತ್ತಿನಲ್ಲಿ ತಟ್ಟುವುದು ನಾವು. ಆಚೆಯವರು ತಟ್ಟುವುದು ಸಂಜೆ. ನಾನು ಏಳಹೋದರೆ ಅತ್ತಿಗೆ ಬೇಡವೆಂದು ಕೈಮಾಡಿದರು. ಮೇಜಿನ ಅಂಚು ಹಿಡಿದು, ಆಮೇಲೆ ಕಟ್ಟೆಯ ಅಂಚು ಹಿಡಿದು, ಕಿಂಡಿಯವರೆಗೂ ಹೋದರು. ಸೆರಗು ಸರಿಮಾಡಿಕೊಂಡರು. ಬಾಗಿಲು ತೆರೆದರು.

ಆಚೆಯ ಬಾಗಿಲು ಮುಚ್ಚಿರಲಿಲ್ಲ. ಈ ಸಲ ಈರುಳ್ಳಿಯ ವಾಸನೆ ಬಂದದ್ದು ಅಲ್ಲಿಂದ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕೈಯಲ್ಲಿ ವಾಪಸು ಬಾರದೆ ಉಳಿದಿದ್ದ ನಮ್ಮ ಪಾತ್ರೆ, ಒಳಗೆ ಹಬೆಯಾಡುವ ಅನ್ನ, ಅದರ ಮೇಲೆ ಹುರಿದ ಆಲೂಗೆಡ್ಡೆ, ಈರುಳ್ಳಿ. ಅಂಚುಗಳು ಅಲ್ಲಲ್ಲಿ ಸೀದಿದ್ದವು. ಉಪ್ಪನ್ನು ಬೆರೆಸಿರಲಿಲ್ಲ, ಗಡಿಯಾರದ ಸಣ್ಣ ಗಾಜಿನಲ್ಲಿ ಪಕ್ಕಕ್ಕೆ ಇಟ್ಟಿದ್ದ. ಉಪ್ಪು ಕಮ್ಮಿ ಮಾಡಿ ಎಂದ ತಮ್ಮ ಬಿ.ಪಿ. ಡಾಕ್ಟರನ್ನು ಅತ್ತಿಗೆ ಒಂದು ದಿನ ಆ ಒಲೆಯ ಮುಂದೆಯೇ ಶಪಿಸಿದ್ದರು.

ಪಾತ್ರೆ ಬಿಸಿಯಿದೆಯೆಂದು ಅವನು ಕೆಳಗಿನ ಬಟ್ಟೆಯನ್ನು ಅತ್ತಿಗೆಯ ಕಡೆಗೆ ಮಡಿಸಿ ಕೊಟ್ಟ. ಅತ್ತಿಗೆ ಎರಡೂ ಕೈ ಚಾಚಿದರು. ಅವರ ಹಿಡಿತ ಗಟ್ಟಿಯಾಗುವವರೆಗೂ ಅವನು ಕೈ ಬಿಡಲಿಲ್ಲ.